ಕೊಕ್ಕುಳ್ಳ ಬೆಳ್ಳಿಯ ಬಟ್ಟಲು

ಹಳ್ಳಿಯ ಮನೆಯನ್ನು ಮಾರುವುದೆಂದು ನಿಶ್ಚಯವಾದ ಮೇಲೆ, ಅಜ್ಜಿ ತೀರಿಕೊಂಡ ಎಷ್ಟೋ ವರ್ಷಗಳವರೆಗೆ ಯಾರೂ ಕೈಹಾಕದೆ ಉಳಿದಿದ್ದ ಆಕೆಯ ತೇಗದ ಪೆಟ್ಟಿಗೆಯನ್ನು ನಾವು ಒಡಹುಟ್ಟಿದವರೆಲ್ಲ ಕೂಡಿ ತೆರೆದಾಗ, ಮಡಿಕೆಗಳಲ್ಲಿ ಸೀಳಿಹೋಗಿದ್ದ ರೇಷ್ಮೆಯ ಸೀರೆಗಳ ಕೆಳಗೆ, ಹಳೆಯ ಪಂಚೆಯ ತುಂಡೊಂದರಲ್ಲಿ ಕಟ್ಟಿಟ್ಟ ಬೆಳ್ಳಿಯ ಸಾಮಾನುಗಳ ಒಂದು ಸಣ್ಣ ಗಂಟು ದೊರೆಯಿತು. ಗಂಟನ್ನು ಬಿಚ್ಚುತ್ತಿದ್ದಂತೆ ಒಂದೊಂದು ವಸ್ತುವೂ ತನ್ನ ಹೆಸರನ್ನು ತಾನೇ ಹೇಳಿಕೊಂಡಿತು: ತಾತ ಸಂಧ್ಯಾವಂದನೆಗೆ ಬಳಸುತ್ತಿದ್ದ ಪಂಚಪಾತ್ರೆ ಮತ್ತು ಉದ್ಧರಣೆ, ಮುಚ್ಚಳ ಸಡಿಲಗೊಂಡಿದ್ದ ಕುಂಕುಮದ ಭರಣಿ, ಮದುವೆಯ ಚಪ್ಪರದಲ್ಲಿ ಬಂದವರನ್ನು ಎದುರುಗೊಳ್ಳುತ್ತಿದ್ದ ಪನ್ನೀರುದಾನಿ, ಎಲೆಯಡಿಕೆಯ ತಟ್ಟೆಯ ನಿತ್ಯಸಂಗಾತಿಯಾಗಿದ್ದ ಸುಣ್ಣದ ಡಬ್ಬಿ. ಕೊನೆಗೆ ಉಳಿದ ಒಂದು ಮಾತ್ರ ಮೂಕವಾಗಿದ್ದಿತು.

ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಮಾವಿನ ಕಾಯಿಯನ್ನು ಉದ್ದಕ್ಕೆ ಸೀಳಿ, ವಾಟೆಯನ್ನೂ ತಿರುಳನ್ನೂ ತೆಗೆದು ಸಿಪ್ಪೆಯನ್ನಷ್ಟೇ ಉಳಿಸಿದರೆ ಹೇಗೆ ಕಾಣುವುದೋ ಹಾಗೆ, ಒಂದು ತುದಿಯಲ್ಲಿ ದುಂಡಾಗಿ, ಇನ್ನೊಂದು ತುದಿಯತ್ತ ಕ್ರಮಕ್ರಮವಾಗಿ ಕಿರಿದಾಗುತ್ತ ಹೋಗಿ, ಕಡೆಗೆ ಹಕ್ಕಿಯ ಕೊಕ್ಕಿನಂತೆ ಮುಂಚಾಚಿದ, ಮೇಲ್ಭಾಗ ತೆರೆದಿರುವ ಒಂದು ಕಾಲುವೆಯಾಗಿ ಮುಗಿಯುವ ಬಟ್ಟಲು. ಹಿಡಿಯಿಲ್ಲ, ಮುಚ್ಚಳವಿಲ್ಲ, ಕಾಲಿಲ್ಲ. ಮೈಯೆಲ್ಲ ಕಪ್ಪಿಟ್ಟಿದ್ದರೂ ಬಗ್ಗಿ ನೋಡಿದರೆ ಎರಡು ವಿಶೇಷಗಳು ಕಾಣುತ್ತಿದ್ದವು: ತಳದಲ್ಲಿ ಚುಕ್ಕೆಚುಕ್ಕೆಯಾಗಿ ಏನೋ ಕೊರೆದ ಗುರುತು, ಕೊಕ್ಕಿನ ತುದಿಯ ಅಂಚಿನಲ್ಲಿ, ಉಳಿದ ಮೈಯ ಬಣ್ಣಕ್ಕಿಂತ ಸ್ವಲ್ಪ ಬೇರೆಯಾಗಿದ್ದ, ಆಮೇಲೆ ಬೆಸೆದುದೆಂದು ತೋರುವ ಕೂದಲೆಳೆಯಂಥ ಒಂದು ತಂತಿ.

ಅಣ್ಣನು ಅದನ್ನು ದೀಪವೆಂದ. ಕೊಕ್ಕಿನಲ್ಲಿ ಬತ್ತಿಯನ್ನಿಟ್ಟು ಹೊಟ್ಟೆಗೆ ಎಣ್ಣೆ ಹೊಯ್ದರೆ ಹಣತೆಯಲ್ಲದೆ ಇನ್ನೇನು ಎಂಬುದು ಅವನ ವಾದ. ಅಕ್ಕನ ಮತದಲ್ಲಿ ಅದು ತುಪ್ಪ ಬಡಿಸುವ ಪಾತ್ರೆ. ದೇವರಿಗೆ ಅಭಿಷೇಕ ಮಾಡುವಾಗ ಹಾಲನ್ನು ಧಾರೆಯಾಗಿ ಬಿಡುವುದಕ್ಕೆ ಇಟ್ಟುಕೊಂಡದ್ದಿರಬೇಕೆಂದು ಅತ್ತಿಗೆ ಹೇಳಿದರು. ಬೆಂಗಳೂರಿನ ದಂಡುಪ್ರದೇಶದಲ್ಲಿ ಬಹುಕಾಲ ನೌಕರಿಯಲ್ಲಿದ್ದ ಭಾವನವರಂತೂ ಇದು ಇಂಗ್ಲಿಷರ ಊಟದ ಮೇಜಿನ ಮೇಲೆ ಮಾಂಸದ ರಸವನ್ನು ತುಂಬಿಡುವ ದೋಣಿಯೇ ಸರಿ, ಯಾವ ದೊರೆಯ ಹರಾಜಿನಿಂದ ತಾತನ ಕೈಸೇರಿತೋ ಎಂದು ತೀರ್ಪಿತ್ತರು. ಒಂದು ಶತಮಾನವಾದರೂ ನಮ್ಮ ವಂಶದವರ ಕೈಯಲ್ಲಿ ಆಡಿದ್ದಿರಬಹುದಾದ ವಸ್ತುವೊಂದನ್ನು ಅದೇ ವಂಶದ ಐದಾರು ಮಂದಿ ಸುತ್ತ ಕುಳಿತು ನೋಡುತ್ತಿದ್ದರೂ ಅದಕ್ಕೊಂದು ಹೆಸರು ಹೇಳಲಾರದೆ ಹೋದೆವಲ್ಲ ಎಂಬ ವ್ಯಥೆ ಆ ದಿನ ನನ್ನ ಮನಸ್ಸಿನಲ್ಲಿ ನೆಟ್ಟುಹೋಯಿತು. ಪಾಲಿನಲ್ಲಿ ಬೇರೇನೂ ಬೇಡವೆಂದು ಹೇಳಿ ಅದನ್ನು ನಾನು ತಂದೆನು.

ಇಂಥ ವಸ್ತುವೊಂದು ಕೈಗೆ ಬಂದಾಗ ಯಾರಿಗಾದರೂ ಮೊದಲು ಉಂಟಾಗುವ ಆಶೆ ಅದನ್ನು ತಿಕ್ಕಿ ಬೆಳಗಬೇಕೆಂಬುದು. ಆ ಆಶೆಯನ್ನು ಕೆಲವು ದಿವಸ ತಡೆದುಕೊಳ್ಳಬೇಕೆಂದು ಓದುಗರಲ್ಲಿ ನನ್ನ ಮೊದಲ ಪ್ರಾರ್ಥನೆ. ಬೆಳ್ಳಿಯ ಮೇಲಿನ ಕಪ್ಪು ಕಬ್ಬಿಣದ ತುಕ್ಕಿನಂಥದಲ್ಲ. ಗಾಳಿಯಲ್ಲಿ ಅತ್ಯಲ್ಪವಾಗಿ ಬೆರೆತಿರುವ ಗಂಧಕದ ಅನಿಲವು ಬೆಳ್ಳಿಯೊಡನೆ ಕೂಡಿ ಆಗುವ, ಕಾಗದಕ್ಕಿಂತ ಎಷ್ಟೋ ಪಟ್ಟು ತೆಳುವಾದ ಒಂದು ಪೊರೆ ಅದು. ಕೈ ಸದಾ ತಾಗುವ ಎಡೆಯಲ್ಲಿ ಆ ಪೊರೆ ನಿಲ್ಲದು, ತಾಗದ ಸಂದುಗಳಲ್ಲಿ ದಟ್ಟವಾಗುವುದು. ಕೊರೆದ ಅಕ್ಷರಗಳಲ್ಲಿ ತುಂಬಿಕೊಂಡು ಅವನ್ನು ಓದಿಸುವುದೂ ಅದೇ. ಪಾತ್ರೆಯು ಹೇಗೆ ಬಳಕೆಯಾಯಿತೆಂಬುದರ ಸಾಕ್ಷ್ಯವೆಲ್ಲ ಈ ಕಪ್ಪುಬಿಳುಪಿನ ಹಂಚಿಕೆಯಲ್ಲಿ ಬರೆದಿರುವಾಗ, ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಪತ್ರವನ್ನು ಓದುವ ಮೊದಲೇ ಅಳಿಸಿದಂತಾಗುವುದು.

ಊಹೆಗಳನ್ನು ಒಂದೊಂದಾಗಿ ಪರೀಕ್ಷಿಸುವುದಕ್ಕೆ ನನಗೆ ಬೇಕಾದುದು ಒಂದು ಭೂತಗನ್ನಡಿ ಮತ್ತು ಕಿಟಕಿಯಿಂದ ಓರೆಯಾಗಿ ಬೀಳುವ ಬೆಳಗಿನ ಬಿಸಿಲು, ಇಷ್ಟೇ. ದೀಪವಾಗಿದ್ದಲ್ಲಿ ಜ್ವಾಲೆ ತಾಗಿದ ತುದಿಯಲ್ಲಿ ಲೋಹವು ಕಳೆಗುಂದಿರಬೇಕು, ಎಣ್ಣೆ ಕಮಟಿ ಅಂಟಾದ ಕಿಟ್ಟ ಸಂದಿಯಲ್ಲಿ ಉಳಿದಿರಬೇಕು, ಮೇಲಾಗಿ ನೆಲದ ಮೇಲೆ ಅಲುಗದೆ ಕೂರುವುದಕ್ಕೆ ತಳ ಚಪ್ಪಟೆಯಾಗಿರಬೇಕು. ನಮ್ಮ ಬಟ್ಟಲಿನ ತಳವೋ ದುಂಡು, ಇಟ್ಟರೆ ಒಂದು ಕಡೆಗೆ ವಾಲುವುದು. ತುಪ್ಪದ ಪಾತ್ರೆಗೆ ಹಿಡಿ ಅವಶ್ಯ, ಏಕೆಂದರೆ ಕಾಯಿಸಿದ ತುಪ್ಪವಿರುವ ಬೆಳ್ಳಿಯನ್ನು ಬರಿಗೈಯಲ್ಲಿ ಹಿಡಿಯಲಾಗದು. ಬೆಳ್ಳಿಯಷ್ಟು ಶೀಘ್ರವಾಗಿ ಶಾಖವನ್ನು ಒಯ್ಯುವ ಲೋಹ ಇನ್ನೊಂದಿಲ್ಲ. ಇಲ್ಲಿ ಹಿಡಿ ಇಲ್ಲದಿರುವುದಷ್ಟೇ ಅಲ್ಲ, ಹಿಂದೆ ಇದ್ದು ಮುರಿದು ಹೋಯಿತೆನ್ನುವುದಕ್ಕೆ ಬೆಸುಗೆಯ ಗುರುತೂ ಇಲ್ಲ. ಅಭಿಷೇಕದ ಮಾತು ಒಡನೆ ತಳ್ಳಿಹಾಕುವಂಥದಲ್ಲವಾದರೂ, ದೇವರ ಮನೆಯ ಬೆಳ್ಳಿಯನ್ನು ಪ್ರತ್ಯೇಕವಾಗಿ ಮಡಿಯಲ್ಲಿ ಇರಿಸುವ ಮನೆಯಲ್ಲಿ ಇದು ಕುಂಕುಮದ ಭರಣಿಯೊಡನೆ, ಸುಣ್ಣದ ಡಬ್ಬಿಯೊಡನೆ ಹೆಂಗಸರ ಪೆಟ್ಟಿಗೆಯಲ್ಲಿ ಏತಕ್ಕೆ ಬಂದಿತು? ವಸ್ತುವಿನ ಜೊತೆ ಏನೇನಿತ್ತು, ಯಾವ ಬಟ್ಟೆಯಲ್ಲಿ ಸುತ್ತಿತ್ತು, ಯಾರ ಪೆಟ್ಟಿಗೆಯಲ್ಲಿತ್ತು ಎಂಬುದನ್ನು ಗಂಟು ಬಿಚ್ಚಿದ ದಿನವೇ ಬರೆದಿಡದಿದ್ದರೆ ಆ ಸುಳಿವು ಶಾಶ್ವತವಾಗಿ ಹೋಗುವುದು.

ಇಂಗ್ಲಿಷರ ಮೇಜಿನ ಪ್ರಶ್ನೆ ಉಳಿಯಿತು. ಅದನ್ನು ಬಿಡಿಸುವುದು ಒಂದು ದೃಷ್ಟಿಯಿಂದ ಅತ್ಯಂತ ಸುಲಭ. ಇಂಗ್ಲೆಂಡಿನಲ್ಲಿ ಬೆಳ್ಳಿಯ ಕೆಲಸವನ್ನು ಅಧಿಕೃತವಾಗಿ ಪರೀಕ್ಷಿಸಿ ಮುದ್ರೆಯೊತ್ತುವ ಪದ್ಧತಿ 1300ರಷ್ಟು ಹಿಂದಿನದು. ನಡೆಯುತ್ತಿರುವ ಸಿಂಹದ ಮುದ್ರೆ 1544ರಿಂದ ಬಂದದ್ದು. ಚಿರತೆಯ ತಲೆ ಲಂಡನ್ನಿನದು, ಲಂಗರು ಬರ್ಮಿಂಗ್‌ಹ್ಯಾಮಿನದು. 1784ರಿಂದ 1890ರವರೆಗೆ ತೆರಿಗೆ ಸಂದಾಯವಾದುದರ ಗುರುತಾಗಿ ದೊರೆಯ ಅಥವಾ ರಾಣಿಯ ತಲೆಯೂ ಇರುವುದು. ಇವುಗಳೊಡನೆ ವರ್ಷವನ್ನು ಸೂಚಿಸುವ ಒಂದು ಅಕ್ಷರವೂ ಸೇರಿ, ಬಲ್ಲವನಿಗೆ ಆ ಪಾತ್ರೆಯ ಜಾತಕವನ್ನೇ ಬರೆದುಕೊಟ್ಟಂತಿರುವುದು. ಭಾರತದಲ್ಲಿ ಅಂಥ ಸರಕಾರದ ಮುದ್ರೆ ಆಗ ಇರಲಿಲ್ಲ. ಐರೋಪ್ಯರಿಗೂ ಸಂಸ್ಥಾನಿಕರಿಗೂ ಮಾಡಿಕೊಡುತ್ತಿದ್ದ ಮದರಾಸಿನ ಪಿ. ಓರ್ ಅಂಡ್ ಸನ್ಸ್, ಕಲಕತ್ತೆಯ ಹ್ಯಾಮಿಲ್ಟನ್ ಮೊದಲಾದ ಅಂಗಡಿಗಳು ತಮ್ಮ ಹೆಸರನ್ನೊತ್ತುತ್ತಿದ್ದವು. ಕಚ್ಛದ ಭುಜ್ ಪಟ್ಟಣದ ಓಮರ್ಸಿ ಮಾವ್‌ಜಿ ಎಂಬ ಮಹಾಶಿಲ್ಪಿ ತನ್ನ ಹೆಸರಿನ ಎರಡು ಆದ್ಯಾಕ್ಷರಗಳನ್ನು ಒತ್ತುತ್ತಿದ್ದನು. ಆದರೆ ಊರಿನ ಅಕ್ಕಸಾಲಿಗನು ಮುದ್ರೆಯೊತ್ತಿದವನಲ್ಲ. ಅವನ ಮಾತೇ ಅವನ ಮುದ್ರೆಯಾಗಿತ್ತು. ಆದುದರಿಂದ ಮುದ್ರೆ ಇಲ್ಲವೆಂದ ಮಾತ್ರಕ್ಕೆ ನಮ್ಮ ಹಳೆಯ ಪಾತ್ರೆಗಳನ್ನು ಬೆಳ್ಳಿಯಲ್ಲವೆನ್ನಲಾಗದು. ಇಂದಿನ ಅಂಗಡಿಗಳಲ್ಲಿ ಕಾಣುವ ಭಾರತೀಯ ಮಾನಕ ಸಂಸ್ಥೆಯ ಬೆಳ್ಳಿಯ ಹಾಲ್‌ಮಾರ್ಕ್ ಆರಂಭವಾದದ್ದು 2005ರಲ್ಲಿ. ಅದಿರುವ ಪಾತ್ರೆಯನ್ನು ಯಾರಾದರೂ ಪುರಾತನವೆಂದು ಮಾರಲು ಬಂದರೆ ಉತ್ತರ ಅಲ್ಲಿಯೇ ಇದೆ. ಹಾಗೆಯೇ ಈ.ಪಿ.ಎನ್.ಎಸ್. ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಬೇರೆ ಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಕೊಟ್ಟದ್ದು. ಜರ್ಮನ್ ಸಿಲ್ವರ್ ಎಂದು ನಾವು ಕರೆಯುವ ಲೋಹದಲ್ಲಂತೂ ತಾಮ್ರ, ಸತು, ನಿಕಲ್ ಇವೆಯೇ ಹೊರತು ಬೆಳ್ಳಿ ಲೇಶವೂ ಇಲ್ಲ.

ನನ್ನ ಬಟ್ಟಲಿನ ತಳದಲ್ಲಿದ್ದ ಗುರುತು ಇಂಥ ಯಾವ ಮುದ್ರೆಯೂ ಆಗಿರಲಿಲ್ಲ. ಉಳಿಯ ಮೊನೆಯಿಂದ ಚುಕ್ಕೆಯ ಮಗ್ಗುಲಿಗೆ ಚುಕ್ಕೆ ಹೊಡೆದು ಬರೆದ ಎರಡು ಆಕೃತಿಗಳು. ಒಂದು ‘ಸೀ’ ಎಂಬ ಅಕ್ಷರವೆಂಬುದು ಸ್ಪಷ್ಟ, ಇನ್ನೊಂದು ಅಕ್ಷರವೋ ಅಂಕಿಯೋ ತಿಳಿಯದ ಒಂದು ಸುರುಳಿ. ‘ಸೀ’ಯಿಂದ ಆರಂಭವಾಗುವ ಹೆಸರು ಅಜ್ಜಿಯದೂ ಅಲ್ಲ, ತಾತನದೂ ಅಲ್ಲ. ಸುರುಳಿಯ ಅರ್ಥವು ಹೊಳೆದದ್ದು ತೂಕ ಮಾಡಿದಾಗ.

ಬೆಳ್ಳಿಯನ್ನು ತೂಗುವುದರಿಂದ ಎಷ್ಟೊಂದು ತಿಳಿಯುವುದೆಂಬುದನ್ನು ಇಲ್ಲಿ ವಿಸ್ತಾರವಾಗಿ ಹೇಳಬಯಸುತ್ತೇನೆ, ಏಕೆಂದರೆ ಇದನ್ನು ಯಾರೂ ತಮ್ಮ ಅಡುಗೆಮನೆಯಲ್ಲಿಯೇ ಪಾತ್ರೆಗೆ ಒಂದು ಗೀರೂ ಬೀಳದಂತೆ ಮಾಡಿ ನೋಡಬಹುದು. ಗ್ರಾಮಿನ ಹತ್ತನೆಯ ಒಂದು ಭಾಗವನ್ನು ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಬಟ್ಟಲು 46.6 ಗ್ರಾಂ ತೂಗಿತು. ಅನಂತರ ಗಾಜಿನ ಲೋಟವೊಂದರಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಬಟ್ಟಲನ್ನು ತೆಳುವಾದ ದಾರದಲ್ಲಿ ಕಟ್ಟಿ, ತಳವನ್ನಾಗಲಿ ಪಕ್ಕವನ್ನಾಗಲಿ ಮುಟ್ಟದಂತೆ ನೀರಿನಲ್ಲಿ ಪೂರ್ತಿ ಮುಳುಗುವ ಹಾಗೆ ಕೈಯಲ್ಲಿ ಹಿಡಿದೆನು. ಆಗ ತಕ್ಕಡಿ ತೋರಿಸುವುದು ಬಟ್ಟಲು ಬದಿಗೊತ್ತಿದ ನೀರಿನ ತೂಕವನ್ನು, ಅದು 4.5 ಗ್ರಾಂ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 10.4. ಅಪ್ಪಟ ಬೆಳ್ಳಿ ನೀರಿಗಿಂತ 10.49 ಪಟ್ಟು ಭಾರ, ತಾಮ್ರ 8.96 ಪಟ್ಟು, ಜರ್ಮನ್ ಸಿಲ್ವರ್ ಹೆಚ್ಚುಕಡಿಮೆ 8.7 ಪಟ್ಟು. ನನ್ನ ಕೈ ನಡುಗಿ ದಶಾಂಶದಲ್ಲಿ ಒಂದಂಶ ಹೆಚ್ಚುಕಡಿಮೆಯಾಗಿದ್ದರೂ ಬಟ್ಟಲು ಬೆಳ್ಳಿಯದೆಂಬುದರಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ. ಆರ್ಕಿಮಿಡೀಸನು ತೋರಿಸಿಕೊಟ್ಟ ಈ ತತ್ತ್ವವು ಟೊಳ್ಳಾದ ಅಥವಾ ಒಳಗೆ ಅರಗು ತುಂಬಿದ ಸಾಮಾನುಗಳಲ್ಲಿ ಮಾತ್ರ ಮೋಸ ಮಾಡುವುದು. ತೆರೆದ ಪಾತ್ರೆಗಳಿಗೆ ಇದಕ್ಕಿಂತ ಸೌಮ್ಯವಾದ ಪರೀಕ್ಷೆಯಿಲ್ಲ. ಅಕ್ಕಸಾಲಿಗನ ಒರೆಗಲ್ಲು ಮತ್ತು ಆಮ್ಲದ ಪರೀಕ್ಷೆ ನಿಜವನ್ನು ಹೇಳುತ್ತವೆ, ಆದರೆ ಗುರುತು ಉಳಿಸುತ್ತವೆ. ಹಾಲ್‌ಮಾರ್ಕ್ ಕೇಂದ್ರಗಳಲ್ಲಿರುವ ಎಕ್ಸ್‌-ರೇ ಯಂತ್ರವು ಗುರುತನ್ನೇನೂ ಉಳಿಸದಿದ್ದರೂ, ಅದು ನೋಡುವುದು ಮೇಲ್ಪದರವನ್ನು ಮಾತ್ರವಾದುದರಿಂದ ದಪ್ಪ ಲೇಪವಿರುವ ವಸ್ತುವಿನಲ್ಲಿ ಅದೂ ಎಡವಬಹುದು.

ಇನ್ನು 46.6 ಎಂಬ ಅಂಕಿ. ನಾವು ಗ್ರಾಮಿನಲ್ಲಿ ತೂಗುತ್ತೇವೆ, ಆದರೆ ಮಾಡಿದವನು ತೊಲದಲ್ಲಿ ತೂಗಿದ್ದನು. ಒಂದು ತೊಲವೆಂದರೆ 180 ಗ್ರೇನು, ಸುಮಾರು 11.66 ಗ್ರಾಂ, 1835ರ ಕಾಯಿದೆಯಿಂದ ಕಂಪನಿ ಸರಕಾರ ಏಕರೂಪವಾಗಿ ಹೊರಡಿಸಿದ ಬೆಳ್ಳಿಯ ರೂಪಾಯಿಯ ತೂಕವೂ ಅಷ್ಟೇ. ಆ ರೂಪಾಯಿಯ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಬೆಳ್ಳಿಯ ಸಾಮಾನು ಮಾಡಿಸಬೇಕೆಂದವರು ರೂಪಾಯಿಗಳನ್ನೇ ಎಣಿಸಿ ಅಕ್ಕಸಾಲಿಗನಿಗೆ ಕೊಟ್ಟು, ಕರಗಿಸಿ ಮಾಡಿಸಿಕೊಂಡು, ಮರಳಿ ಬಂದ ಪಾತ್ರೆಯನ್ನು ಅಷ್ಟೇ ರೂಪಾಯಿಗಳ ಎದುರಿಗಿಟ್ಟು ತೂಗಿ ಒಪ್ಪಿಸಿಕೊಳ್ಳುತ್ತಿದ್ದ ಕಾಲ ಅದು. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು, 1947ರಲ್ಲಿ ನಿಕಲ್ ರೂಪಾಯಿ ಬಂದಿತು. ಅಲ್ಲಿಗೆ ಆ ಪದ್ಧತಿಯ ಬೇರು ಕಡಿಯಿತು. 46.6ನ್ನು 11.66ರಿಂದ ಭಾಗಿಸಿದೆ. ಸರಿಯಾಗಿ ನಾಲ್ಕು ಬಂದಿತು. ಭೂತಗನ್ನಡಿಯನ್ನು ಮತ್ತೆ ತಳಕ್ಕೆ ಹಿಡಿದಾಗ, ಅದುವರೆಗೆ ಅರ್ಥವಾಗದಿದ್ದ ಸುರುಳಿಯು ತಟ್ಟನೆ ‘೪’ ಆಗಿ ಕಂಡಿತು. ನಾಲ್ಕು ರೂಪಾಯಿ ತೂಕದ ಬೆಳ್ಳಿಯೆಂದು ಕೊಟ್ಟವರು ತಳದಲ್ಲಿ ಬರೆಸಿದ್ದರು. ಕನ್ನಡ ಅಂಕಿಯಾದುದರಿಂದ ಅದು ಮಾಡಿಸಿದ್ದು ಕನ್ನಡ ಓದಬಲ್ಲವರ ಮನೆಗಾಗಿ. ದೊರೆಗಳ ಹರಾಜಿನ ಕಥೆ ಅಲ್ಲಿಗೆ ಮುಗಿಯಿತು.

ಕಿಟಕಿಯ ಓರೆಬಿಸಿಲಿನಲ್ಲಿ ಇನ್ನೊಂದು ವಿಷಯವೂ ತಿಳಿಯಿತು. ಯಂತ್ರದಲ್ಲಿ ತಿರುಗಿಸಿ ಒತ್ತಿ ಮಾಡಿದ ಬಟ್ಟಲಿನಲ್ಲಿ ಕೊಳಕ್ಕೆ ಕಲ್ಲೆಸೆದಾಗ ಏಳುವ ಅಲೆಗಳಂತೆ ಒಂದರೊಳಗೊಂದು ವೃತ್ತಗಳಿರುವುವು. ಇಲ್ಲಿ ಇದ್ದುದು ಸುತ್ತಿಗೆಯ ಪೆಟ್ಟುಗಳ ಸಣ್ಣ ಸಣ್ಣ ಮುಖಗಳು, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಒರಗಿಕೊಂಡು ದುಂಡುತುದಿಯಿಂದ ಕೊಕ್ಕಿನವರೆಗೆ ಸಾಗಿದ್ದವು. ಎಲ್ಲಿಯೂ ಜೋಡಿಸಿದ ಗೆರೆಯಿಲ್ಲ. ಒಂದೇ ತಗಡನ್ನು ಅಡಿಗಲ್ಲಿನ ಮೇಲಿಟ್ಟು ಬಡಿದು ಎಬ್ಬಿಸಿದ್ದು. ಬಡಿದಂತೆಲ್ಲ ಬೆಳ್ಳಿ ಗಡುಸಾಗಿ ಸೀಳುವ ಸ್ಥಿತಿಗೆ ಬರುವುದು. ಆಗ ಅದನ್ನು ಮಂದವಾದ ಕೆಂಪಿಗೆ ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗಾಗುವುದು. ಹೀಗೆ ಬಡಿಯುತ್ತ, ಕಾಯಿಸುತ್ತ, ತಿರುಗಿ ಬಡಿಯುತ್ತ, ಹೊಟ್ಟೆಯ ಕಡೆ ತೆಳ್ಳಗೂ ಅಂಚಿನ ಕಡೆ ತುಸು ದಪ್ಪಗೂ ಉಳಿಯುವಂತೆ ಮಾಡುವುದರಲ್ಲಿ ಕೈಯ ಅಭ್ಯಾಸ ಮಾತ್ರವಲ್ಲ, ಪಾತ್ರೆಯ ಬಳಕೆಯೇನೆಂಬ ಪೂರ್ಣವಾದ ಅರಿವೂ ಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಸವೆತ. ದುಂಡುತುದಿಯ ಅಂಚಿನ ಒಳಮೈಯಲ್ಲಿ ಒಂದೆಡೆ ಕಪ್ಪು ಸಂಪೂರ್ಣವಾಗಿ ಮಾಯವಾಗಿ, ಸುತ್ತಿಗೆಯ ಗುರುತೂ ಅಳಿಸಿಹೋಗಿ, ಬೆಳ್ಳಿ ನೀರಿನಂತೆ ನುಣುಪಾಗಿತ್ತು. ಬಟ್ಟಲನ್ನು ಬಲಗೈಯಲ್ಲಿ ಎಷ್ಟು ವಿಧವಾಗಿ ಹಿಡಿದರೂ ಆ ಜಾಗಕ್ಕೆ ನನ್ನ ಯಾವ ಬೆರಳೂ ಸಹಜವಾಗಿ ಬಂದು ಕೂರುತ್ತಿರಲಿಲ್ಲ. ಇದನ್ನು ಹಿಡಿದವರ ಕೈ ನಾನು ಹಿಡಿಯುವ ಹಾಗೆ ಹಿಡಿದಿರಲಿಲ್ಲ, ಅಥವಾ ಅವರು ಕುಳಿತ ಭಂಗಿಯೇ ಬೇರೆಯಾಗಿತ್ತು ಎಂದಷ್ಟೇ ಊಹಿಸಬಲ್ಲವನಾದೆನು. ಬೆಳ್ಳಿ ಅಂಗಡಿಯೊಂದರಲ್ಲಿ ತೋರಿಸಿದಾಗ, ಕೊಕ್ಕಿನ ತಂತಿಯನ್ನು ಉಗುರಿನಿಂದ ಕೆರೆದು ನೋಡಿ, ರಿಪೇರಿಯಾದ ಮಾಲು, ಕರಗಿಸಿದರೆ ಇಷ್ಟು ಬರುವುದು ಎಂದು ಒಂದು ಮೊತ್ತವನ್ನು ಹೇಳಿದರು. ಎದ್ದುಬಂದೆನು.

ಕಡೆಗೆ ನಾನು ಹೋದದ್ದು, ಮೊದಲೇ ಹೋಗಬೇಕಾಗಿದ್ದ ಕಡೆಗೆ: ಅಜ್ಜಿಯ ಕೊನೆಯ ತಂಗಿ, ತೊಂಬತ್ತು ದಾಟಿದ ಚಿಕ್ಕಜ್ಜಿಯ ಬಳಿಗೆ. ಆಕೆಗೆ ಈಗ ಕಣ್ಣು ಬಹುಮಟ್ಟಿಗೆ ಕಾಣದು. ಅಂಗಳದ ಬಿಸಿಲಿನಲ್ಲಿ ಕಾಲು ನೀಡಿಕೊಂಡು ಕುಳಿತಿದ್ದವಳ ಕೈಯಲ್ಲಿ ಬಟ್ಟಲನ್ನಿಟ್ಟು, ಇದೇನೆಂದು ಹೇಳಿ ಚಿಕ್ಕಜ್ಜಿ ಎಂದೆ. ಆಕೆ ಅದನ್ನು ಒಮ್ಮೆ ಸವರಿದಳು. ಎಡಗೈಯನ್ನು ಮಡಿಲಲ್ಲಿ ಏನೋ ಇರುವಂತೆ ಬಾಗಿಸಿಕೊಂಡು, ಬಲಗೈಯಲ್ಲಿ ಬಟ್ಟಲನ್ನು ಮೇಲಿನಿಂದ ಕವಿದು ಹಿಡಿದು, ಕೊಕ್ಕನ್ನು ತನ್ನ ಕಡೆಗೇ ತಿರುಗಿಸಿಕೊಂಡಳು. ಹೆಬ್ಬೆರಳು ತಾನಾಗಿ ಆ ನುಣುಪಾದ ಗುಳಿಯಲ್ಲಿ ಹೋಗಿ ಕುಳಿತುಕೊಂಡಿತು. “ಅಯ್ಯೋ, ಒಳಲೆ ಅಲ್ಲವೇನೋ ಇದು! ಎಲ್ಲಿತ್ತೋ ಇಷ್ಟು ದಿವಸ?” ಎಂದಳು.

ಒಳಲೆ. ಬಾಲ್ಯದಲ್ಲಿ ಕಿವಿಯ ಮೇಲೆ ಬಿದ್ದು ಮರೆತುಹೋದ ಮಾತು. ಹಸುಗೂಸಿಗೆ ಹಾಲನ್ನೋ ಔಷಧವನ್ನೋ ಕುಡಿಸುವ ಪಾತ್ರೆ. ತೊಡೆಯ ಮೇಲೆ ಮಗುವನ್ನು ತಲೆ ಎತ್ತರವಾಗಿರುವಂತೆ ಮಲಗಿಸಿಕೊಂಡು, ಕೊಕ್ಕಿನ ತುದಿಯನ್ನು ತುಟಿಯ ಅಂಚಿಗೆ ತಾಗಿಸಿ, ಹಿಂಭಾಗವನ್ನು ಹೆಬ್ಬೆರಳಿನಿಂದ ಸ್ವಲ್ಪವೇ ಎತ್ತುತ್ತ ಹೋದರೆ, ಹಾಲು ಆ ಕಿರುಗಾಲುವೆಯಲ್ಲಿ ಹನಿಹನಿಯಾಗಿ ಸಾಗಿ ಮಗು ನುಂಗಿದಷ್ಟೇ ಬಾಯಿಗೆ ಇಳಿಯುವುದು. ಹಿಡಿ ಏತಕ್ಕಿಲ್ಲವೆಂದರೆ, ಹಿಡಿಯಿದ್ದರೆ ಬೆರಳಿನ ಈ ಸೂಕ್ಷ್ಮವಾದ ಅಳತೆ ತಪ್ಪುವುದು. ಮೇಲೆ ತೆರೆದಿರುವುದೇತಕ್ಕೆಂದರೆ, ಎಷ್ಟು ಹರಿಯುತ್ತಿದೆಯೆಂಬುದು ಕುಡಿಸುವವಳಿಗೆ ಕಾಣುತ್ತಿರಬೇಕು, ಮತ್ತು ತಿಕ್ಕಿ ತೊಳೆಯುವಾಗ ಹಾಲಿನ ಜಿಡ್ಡು ಉಳಿಯುವ ಗುಪ್ತವಾದ ಮೂಲೆ ಒಂದೂ ಇರಕೂಡದು. ದನಕ್ಕೆ ಔಷಧ ಕುಡಿಸಲು ರೈತನು ಬಿದಿರನ್ನು ಓರೆಯಾಗಿ ಕಡಿದು ಮಾಡಿಕೊಳ್ಳುವ ಗೊಟ್ಟವೂ ಇದೇ ಯುಕ್ತಿಯಿಂದ ಹುಟ್ಟಿದ್ದು.

ಹೆಸರೊಂದು ದೊರೆತೊಡನೆ ಅದರ ಬಂಧುಬಳಗವೂ ದೊರೆಯುವುದು. ತಮಿಳರು ಇದನ್ನು ಪಾಲಾಡೈ ಎನ್ನುವರು, ಸಂಗು ಎಂದೂ ಕರೆಯುವರು. ಸಂಗು ಎಂದರೆ ಶಂಖ. ತೆಲುಗರಿಗೆ ಇದು ಉಗ್ಗುಗಿನ್ನೆ, ಮರಾಠಿಗರಿಗೆ ಬೋಂಡಲೆ. ಬಂಗಾಳದಲ್ಲಿ ಮಗುವಿಗೆ ಹಾಲುಣಿಸುವ ಬೆಳ್ಳಿಯ ಚಮಚೆಗೆ ಝಿನುಕ್ ಎಂಬ ಹೆಸರು. ಆ ಮಾತಿಗೆ ಚಿಪ್ಪೆಂದೇ ಅರ್ಥ. ತಮಿಳಿನ ಶಂಖವನ್ನೂ ಬಂಗಾಳದ ಚಿಪ್ಪನ್ನೂ ಒಟ್ಟಿಗಿಟ್ಟು ನೋಡಿದರೆ, ಅಕ್ಕಸಾಲಿಗನು ಬೆಳ್ಳಿಯಲ್ಲಿ ಬಡಿದೆಬ್ಬಿಸಿದ ಈ ಆಕಾರವನ್ನು ಮೊದಲು ಮನುಷ್ಯನಿಗೆ ಕಲಿಸಿದ್ದು ಸಮುದ್ರದ, ನದಿಯ ದಂಡೆಯೆಂದು ನನಗೆ ದೃಢವಾಗಿ ಅನ್ನಿಸುವುದು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿಯೂ ಮಕ್ಕಳಿಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ಗಂಜಿಯನ್ನು ಉಣಿಸಲು ಬೆಳ್ಳಿಯ ಸಣ್ಣ ದೋಣಿಗಳಿದ್ದವು. ಮುಂದೆ ಅವುಗಳ ಬಳಕೆ ನಿಂತ ಮೇಲೆ ಕೆಲವಕ್ಕೆ ಕಾಲನ್ನೂ ಹಿಡಿಯನ್ನೂ ಬೆಸೆದು ಮೇಜಿನ ರಸದ ಪಾತ್ರೆಗಳನ್ನಾಗಿ ಮಾರಿದ್ದುಂಟು. ಭಾವನವರ ಊಹೆ ಪೂರ್ತಿ ನಿರಾಧಾರವಾಗಿರಲಿಲ್ಲವೆಂದು ಅವರಿಗೆ ಪತ್ರ ಬರೆದೆನು.

ಹಿಂದಿನ ಬಾಣಂತಿಯ ಕೋಣೆಯಲ್ಲಿ ಒಳಲೆಯ ಕೆಲಸ ಮುಖ್ಯವಾಗಿ ಮದ್ದಿನದು. ಬಜೆ, ಅಳಲೆಕಾಯಿ, ಜಾಯಿಕಾಯಿ, ಮಾಚಿಕಾಯಿ, ಒಣಶುಂಠಿ ಇವನ್ನು ಸಾಣೆಕಲ್ಲಿನ ಮೇಲೆ ಎದೆಹಾಲಿನಲ್ಲಿ ಒಂದೊಂದು ಸುತ್ತು ತೇಯ್ದು, ಆ ಗಂಧದಂಥ ದ್ರವವನ್ನು ಒಳಲೆಗೆ ಬಳಿದು ಮಗುವಿನ ನಾಲಗೆಗೆ ಬಿಡುತ್ತಿದ್ದರು. ಹರಳೆಣ್ಣೆಯ ದಿನಗಳೂ ಇರುತ್ತಿದ್ದವು. ಅಳುವ ಮಗುವಿನ ಕಾಲುಗಳನ್ನು ಅದುಮಿ ಹಿಡಿದು, ಬಾಯಿ ತೆರೆದಾಗ ಸುರಿಯುವ ರೂಢಿ ಕೆಲವು ಮನೆಗಳಲ್ಲಿದ್ದುದು ಅಪಾಯಕರವಾದದ್ದೆಂಬುದನ್ನು ಇಲ್ಲಿ ಹೇಳಲೇಬೇಕು. ಹಾಗೆ ಸುರಿದ ಹನಿ ಶ್ವಾಸನಾಳಕ್ಕೆ ಇಳಿದರೆ ಜೀವಕ್ಕೇ ಎರವಾಗುವುದು. ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೇನನ್ನೂ ಕೊಡಬಾರದೆಂಬ ಇಂದಿನ ವೈದ್ಯರ ಮಾತನ್ನು ಮೀರಿ, ಹಳೆಯ ಒಳಲೆ ಸಿಕ್ಕಿತೆಂಬ ಸಂಭ್ರಮದಲ್ಲಿ ಯಾರೂ ಮದ್ದು ತೇಯುವುದಕ್ಕೆ ಹೊರಡಬಾರದು.

ಆದರೆ ಪಾತ್ರೆಯ ಯುಕ್ತಿ ಹಳತಾಗಿಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳು ಎಷ್ಟೋ ವೇಳೆ ಮೊಲೆಯನ್ನು ಚೀಪಲಾರವು. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರೂ ಒಂದಕ್ಕೊಂದು ಹೊಂದಿ ನಡೆಯುವ ಶಕ್ತಿ ಗರ್ಭದ ಸುಮಾರು 34ನೆಯ ವಾರಕ್ಕೆ ಬಲಿಯುವಂಥದು. ಅಂಥ ಶಿಶುವಿಗೆ ತಾಯಿಯ ಹಾಲನ್ನು ಹಿಂಡಿ ತೆಗೆದು, ಶೀಷೆಯ ರಬ್ಬರು ಮೊಲೆಯನ್ನು ತೋರಿಸದೆ, ಹನಿಹನಿಯಾಗಿ ಕುಡಿಸುವುದಕ್ಕೆ ನಮ್ಮ ದೇಶದ ಆಸ್ಪತ್ರೆಗಳ ನವಜಾತ ಶಿಶುಗಳ ವಿಭಾಗಗಳಲ್ಲಿ ದಾದಿಯರು ಇಂದಿಗೂ ಬಳಸುವುದು ಇದೇ ಕೊಕ್ಕಿನ ಬಟ್ಟಲನ್ನು. ಈಗ ಅದು ಕುದಿಸಿ ಶುದ್ಧಿಮಾಡಬಹುದಾದ ಉಕ್ಕಿನದು. ಕಡಿಮೆ ತೂಕದ ಶಿಶುಗಳ ಆಹಾರದ ಬಗೆಗೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ಬಟ್ಟಲು, ಚಮಚೆಗಳ ಪಕ್ಕದಲ್ಲಿ ಪಾಲಾಡೈ ಎಂಬ ತಮಿಳು ಹೆಸರಿನಿಂದಲೇ ಇದು ಸೇರಿದೆ. ಯಾವ ತಾಯಂದಿರು ಇದನ್ನು ಮೊದಲು ಕಂಡುಕೊಂಡರೋ ಅವರ ಹೆಸರು ಎಲ್ಲಿಯೂ ಬರೆದಿಲ್ಲ. ಅವರ ಬುದ್ಧಿ ಮಾತ್ರ ಜಗತ್ತಿನ ವೈದ್ಯರ ಪುಸ್ತಕದಲ್ಲಿ ಉಳಿದಿದೆ. ಇದನ್ನು ಓದಿದ ದಿನ ನನಗಾದ ಸಂತೋಷ ಸಾಮಾನ್ಯವಾದುದಲ್ಲ.

ತಮ್ಮ ಮನೆಯಲ್ಲಿಯೂ ಇಂಥ ಹೆಸರಿಲ್ಲದ ವಸ್ತು ಇರುವವರು ಮನೆಯ ಹಿರಿಯ ಹೆಂಗಸರನ್ನು ಕೇಳಿದ ಮೇಲೆ ಹೋಗಿ ನೋಡಬಹುದಾದ ಸ್ಥಳಗಳೂ ಇವೆ. ರಾಮನಗರದ ಬಳಿಯ ಜಾನಪದ ಲೋಕ, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಧರ್ಮಸ್ಥಳದ ಮಂಜೂಷಾ, ಪುಣೆಯ ಕೇಳ್ಕರ್ ಸಂಗ್ರಹಾಲಯ, ಇಲ್ಲ ಅಹಮದಾಬಾದಿನಲ್ಲಿ ಪಾತ್ರೆಗಳಿಗಾಗಿಯೇ ಇರುವ ವಿಚಾರ್ ಸಂಗ್ರಹಾಲಯ. ಇಲ್ಲಿ ಅರಸರ ಕತ್ತಿಗಳಿಗಿಂತ ಅಡುಗೆಮನೆಯ ಸೌಟುಗಳಿಂದ ಕಲಿಯುವುದು ಹೆಚ್ಚು. ಹೊರದೇಶದಲ್ಲಿರುವ ಮಗಳ ಬಾಣಂತನಕ್ಕೆ ಹೋಗುವಾಗ ಮುತ್ತಜ್ಜಿಯ ಒಳಲೆಯನ್ನು ಕೈಚೀಲದಲ್ಲಿ ಹಾಕಿಕೊಳ್ಳಬೇಕೆನ್ನುವವರು ಒಂದು ವಿಷಯವನ್ನು ತಿಳಿದಿರಬೇಕು: 1972ರ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ಕಲಾಕೃತಿ ಪ್ರಾಚ್ಯವಸ್ತುವೆನಿಸಬಹುದು, ಅಂಥದನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ಸಂದೇಹವಿದ್ದಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯನ್ನು ಮೊದಲೇ ಕೇಳುವುದು ಲೇಸು. ಉಳಿದಂತೆ ಇಡುವ ಕ್ರಮ ಸರಳ. ಅಂಟುವಾಳದ ನೀರಿನಲ್ಲಿ ತೊಳೆದು, ಚೆನ್ನಾಗಿ ಒರೆಸಿ, ಒಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿದರೆ ಸಾಕು. ರಬ್ಬರು ಬ್ಯಾಂಡು, ಉಣ್ಣೆಯ ಬಟ್ಟೆ ಎರಡರಲ್ಲಿಯೂ ಗಂಧಕವಿರುವುದರಿಂದ ಅವನ್ನು ಹತ್ತಿರ ಸೇರಿಸಬಾರದು.

ಚಿಕ್ಕಜ್ಜಿಯ ಅಂಗಳದಲ್ಲಿ ಅಂದು ಬಹಳ ಹೊತ್ತು ಕುಳಿತಿದ್ದೆನು. ‘ಸೀ’ ಎಂದರೆ ತನ್ನ ತಾಯಿಯ ತವರಿನ ಮನೆತನದ ಗುರುತೆಂದೂ, ಚೊಚ್ಚಲ ಬಾಣಂತನ ಮುಗಿಸಿ ಮಗುವಿನೊಡನೆ ಗಂಡನ ಮನೆಗೆ ಹೊರಟಾಗ ಬೆಳ್ಳಿಯ ಉಡಿದಾರದ ಜೊತೆಗೆ ಇದನ್ನು ಕೊಟ್ಟು ಕಳುಹಿಸಿದ್ದರೆಂದೂ ಆಕೆ ಹೇಳಿದಳು. ಹಾಗಾದರೆ ಕೊಕ್ಕಿನ ತುದಿಯಲ್ಲಿರುವ ತಂತಿ ಏನು ಚಿಕ್ಕಜ್ಜಿ, ಮುರಿದಿತ್ತೇ ಎಂದು ಕೇಳಿದೆ. ಆಕೆ ತುದಿಯ ಮೇಲೆ ಬೆರಳಾಡಿಸಿದಳು.

“ಮುರಿದಿರಲಿಲ್ಲ ಕಣೋ. ಅಂಚು ಚೂಪಾಗಿತ್ತು. ನಿಮ್ಮಜ್ಜಿ ಕೂಸಾಗಿದ್ದಾಗ ತುಟಿ ತರಚಿ ರಕ್ತ ಬಂತಂತೆ. ಅಮ್ಮ ಅವತ್ತೇ ಆಚಾರಿಯನ್ನ ಕರೆಸಿ, ಜಗುಲಿ ಮೇಲೆ ಕೂರಿಸಿ, ತಂತಿ ಕಟ್ಟಿಸಿದಳಂತೆ. ಆಯಿತೇನಮ್ಮ ಅಂತ ಅವನು ಕೊಟ್ಟರೆ, ತನ್ನ ತುಟಿಗೆ ಒತ್ತಿ ನೋಡಿ, ಇನ್ನೂ ಸ್ವಲ್ಪ ಉಜ್ಜಪ್ಪ ಅಂತ ಎರಡು ಸಲ ವಾಪಸು ಕೊಟ್ಟಳಂತೆ.”

ಹೀಗೆಂದು ಒಳಲೆಯ ತುದಿಯನ್ನು ತನ್ನ ಕೆಳದುಟಿಗೆ ಒತ್ತಿಕೊಂಡು ನೋಡಿ, ನನ್ನ ಕೈಗೆ ಕೊಟ್ಟಳು.